ನಮ್ಮೂರಲ್ಲೇ ಸೈಕಾಲಜಿಸ್ಟ್ ಆಗಬೇಕು ಅಂದುಕೊಂಡವರಿಗೆ

ಪ್ರತಿ ವರ್ಷ ಪಿಯುಸಿ ಫಲಿತಾಂಶ ಬಂದ ಮೇಲೆ ಹಾಸನದ ನನ್ನ ರೂಮಿಗೆ ಇಬ್ಬರೋ ಮೂವರೋ ಹುಡುಗಿಯರು ಬರುತ್ತಾರೆ. ಜೊತೆಗೆ ಅಮ್ಮ ಇದ್ದೇ ಇರುತ್ತಾರೆ. ಹುಡುಗಿಯದು ಒಂದೇ ಪ್ರಶ್ನೆ: "ಮೇಡಂ, ಸೈಕಾಲಜಿ ಓದಿದ್ರೆ ಕೆಲಸ ಸಿಗುತ್ತಾ?" ಅಮ್ಮ ಆಗ ಬಾಯಿ ಬಿಡುವುದಿಲ್ಲ. ಮಗಳು ಮೆಟ್ಟಿಲು ಇಳಿಯುವುದನ್ನೇ ಕಾದು, ಹಿಂದೆ ಬಂದು ಮೆಲ್ಲಗೆ ಕೇಳುತ್ತಾರೆ: "ದಿನಾ ಕಂಡವರ ಕಷ್ಟ ಕೇಳ್ತಾ ಕೇಳ್ತಾ ಇವಳಿಗೂ ಏನಾದ್ರೂ ಆಗಿಬಿಟ್ರೆ?"

ಮಗಳ ಪ್ರಶ್ನೆಗೆ ಅರ್ಧ ಗಂಟೆಯಲ್ಲಿ ಉತ್ತರ ಹೇಳಬಹುದು. ಅಮ್ಮನ ಪ್ರಶ್ನೆಗೆ ಉತ್ತರ ಸಿಗಲು ನನಗೇ ವರ್ಷಗಳು ಬೇಕಾದವು. ಎರಡನ್ನೂ ಇಲ್ಲಿ ಬರೆದಿದ್ದೇನೆ. ನಾನು ಮೂಡಿಗೆರೆ ಕಡೆಯವಳು, 2013ರಿಂದ ಹಾಸನದಲ್ಲಿ ಸೈಕಾಲಜಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಮುಂದೆ ಬರುವವರ ಕತೆಗಳಲ್ಲಿ ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಮೊದಲು, ಬೋರ್ಡಿನ ಮೇಲೆ ಏನು ಬರೆಸುತ್ತೀರಿ ಅಂತ ತೀರ್ಮಾನಿಸಿ

ನಮ್ಮ ಕಡೆ ಎಲ್ಲರೂ "ಡಾಕ್ಟ್ರೇ". ಆದರೆ ದಾರಿಗಳು ಬೇರೆ ಬೇರೆ. ಸೈಕಿಯಾಟ್ರಿಸ್ಟ್ ಆಗಬೇಕಾದರೆ ಎಂಬಿಬಿಎಸ್ ಮಾಡಿ, ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂಡಿ ಮಾಡಬೇಕು. ಮಾತ್ರೆ ಬರೆಯುವವರು ಅವರು. ನಾವು ಬರೆಯುವ ಹಾಗಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂಬ ಹೆಸರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ನೋಂದಣಿ ಬೇಕು. ಅದಕ್ಕೆ 1992ರ ಕಾಯ್ದೆ ಇದೆ. ನೋಂದಣಿ ಇಲ್ಲದೆ ಆ ಕೆಲಸಕ್ಕೆ ಇಳಿದರೆ ಒಂದು ವರ್ಷದವರೆಗೆ ಜೈಲು, ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ದಂಡದ ಮೊತ್ತ ನೋಡಿ ನಗಬೇಡಿ, ಜೈಲಿನ ಭಾಗವನ್ನು ಇನ್ನೊಮ್ಮೆ ಓದಿ. ಕೌನ್ಸೆಲರ್ ಆಗಿ ಶಾಲೆ, ಕಾಲೇಜು, ಸಂಘ ಸಂಸ್ಥೆಗಳಲ್ಲಿ ಕೆಲಸ ಮಾಡುವುದು ಮೂರನೆಯ ದಾರಿ. ಎಂಎ ಅಥವಾ ಎಂಎಸ್ಸಿ ಸೈಕಾಲಜಿ ಮಾಡಿದ ಬಹಳ ಜನ ಇದೇ ದಾರಿ ಹಿಡಿಯುತ್ತಾರೆ.

ಮೂರರಲ್ಲಿ ಯಾವುದೂ ಕೀಳಲ್ಲ. ಮಾಡಿದ್ದು ಒಂದು, ಬೋರ್ಡಿನ ಮೇಲೆ ಬರೆಸಿದ್ದು ಇನ್ನೊಂದು ಆದರೆ ಮಾತ್ರ ತಪ್ಪು. ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ "ಥೆರಪಿಸ್ಟ್" ಎಂದು ಬೋರ್ಡ್ ಹಾಕಿಕೊಂಡವರನ್ನು ನಾನು ನೋಡಿದ್ದೇನೆ. ಅವರು ಕೈಬಿಟ್ಟ ಕೇಸುಗಳನ್ನೂ ನೋಡಿದ್ದೇನೆ.

ಓದಿನ ಲೆಕ್ಕ

ಪಿಯುಸಿಯಲ್ಲಿ ವಿಜ್ಞಾನವೇ ಬೇಕು ಅಂತೇನಿಲ್ಲ. ಡಿಗ್ರಿಯಲ್ಲಿ ಮನಃಶಾಸ್ತ್ರ ಒಂದು ವಿಷಯವಾಗಿರಲಿ. ಕರ್ನಾಟಕದಲ್ಲಿ 2024-25ರಿಂದ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಆಮೇಲೆ ಎರಡು ವರ್ಷದ ಎಂಎ ಅಥವಾ ಎಂಎಸ್ಸಿ. ನಮ್ಮ ಕಡೆಯವರು ಹೆಚ್ಚಾಗಿ ಮೈಸೂರು, ಬೆಂಗಳೂರು, ಧಾರವಾಡದ ಕಡೆ ಹೋಗುತ್ತಾರೆ. ಮೈಸೂರು ವಿಶ್ವವಿದ್ಯಾಲಯದ ವಿಭಾಗ 1924ರಷ್ಟು ಹಳೆಯದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ಆಕಾಶವಾಣಿ ಶುರು ಮಾಡಿದವರು. ಮನಸ್ಸು ಓದಿದ ಮೇಷ್ಟ್ರಿಗೆ ಜನ ಏನು ಕೇಳುತ್ತಾರೆ ಅನ್ನುವುದೂ ಮುಖ್ಯ ಅನ್ನಿಸಿತ್ತು ಅಂತ ನಾನು ಅಂದುಕೊಂಡಿದ್ದೇನೆ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಕೆಲಸ ಮಾಡಿಕೊಂಡೇ ಅಂಚೆ ಮೂಲಕ ಸೈಕಾಲಜಿ ಮುಗಿಸುತ್ತೇನೆ ಅನ್ನುವ ಯೋಚನೆ ಇದ್ದರೆ ಬಿಟ್ಟುಬಿಡಿ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸಬಾರದು ಎಂದು ಯುಜಿಸಿ ಹೇಳಿದೆ. ಎರಡು, ನನ್ನ ಕಾಲದಲ್ಲಿ ಎಂಎ ಆದ ಮೇಲೆ ಎರಡು ವರ್ಷದ ಎಂ.ಫಿಲ್ ಮಾಡಿದರೆ ಕ್ಲಿನಿಕಲ್ ಸೈಕಾಲಜಿಸ್ಟ್. ಯುಜಿಸಿ ಎಂ.ಫಿಲ್ ಅನ್ನೇ ಕೈಬಿಟ್ಟಾಗ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕಿಗೆ 2025-26ರ ತನಕ ವಿನಾಯಿತಿ ಕೊಟ್ಟಿತ್ತು. ಹಾಗಾಗಿ ಅಣ್ಣನೋ ಅಕ್ಕನೋ ಐದು ವರ್ಷದ ಹಿಂದೆ ಹೋದ ದಾರಿಯನ್ನು ನಂಬಿ ಹೊರಡಬೇಡಿ. ನೀವು ಸೇರುವ ವರ್ಷದಲ್ಲಿ ಆರ್‌ಸಿಐ ತನ್ನ ವೆಬ್‌ಸೈಟಿನಲ್ಲಿ ಹಾಕಿರುವ ಕೋರ್ಸುಗಳ ಮತ್ತು ಕಾಲೇಜುಗಳ ಪಟ್ಟಿ ನೋಡಿ. ಕಾಲೇಜಿನವರು "ಅಪ್ರೂವಲ್ ಬರ್ತಾ ಇದೆ" ಅಂದರೆ, ಬಂದ ಮೇಲೆ ಫೀಸ್ ಕಟ್ಟುತ್ತೇನೆ ಅನ್ನಿ.

ಜಿಲ್ಲಾಸ್ಪತ್ರೆಯ ಬೆಂಚಿನ ಮೇಲೆ ಕೂರಿ

ಎಂಎ ಓದುವಾಗ ರಜೆಯಲ್ಲಿ ಬೆಂಗಳೂರಿನ ಚಂದದ ಕ್ಲಿನಿಕ್ಕಿಗೆ ಇಂಟರ್ನ್‌ಶಿಪ್ ಹುಡುಕುವ ಮೊದಲು, ಊರಿಗೆ ಬನ್ನಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕಂಡು ಅನುಮತಿ ಕೇಳಿ. ರಾಷ್ಟ್ರ ಮಟ್ಟದಲ್ಲಿ 1996ರಲ್ಲಿ ಶುರುವಾದ ಈ ಕಾರ್ಯಕ್ರಮಕ್ಕೆ ಮಾದರಿ ನಮ್ಮದೇ ಬಳ್ಳಾರಿ. ಅಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಇದನ್ನು ಮಾಡಿ ತೋರಿಸಿತ್ತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ನಡೆಯುವ ಕಡೆ ಹೋಗಿ, ಒಂದು ಮೂಲೆಯಲ್ಲಿ ಕೂತು ನೋಡಿ.

ಏನು ನೋಡಬೇಕು? ಕಾಯಿಲೆಯ ಹೆಸರನ್ನಲ್ಲ. ಜನ ಮೊದಲ ವಾಕ್ಯ ಏನು ಹೇಳುತ್ತಾರೆ ಅನ್ನುವುದನ್ನು ನೋಡಿ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ

ನನ್ನ ಪ್ರಕಾರ ಇಡೀ ಲೇಖನದಲ್ಲಿ ಜಾಸ್ತಿ ಕೆಲಸಕ್ಕೆ ಬರುವ ಸಲಹೆ ಇದು. ಇನ್ನೂರು ಪುಟದ ನೋಟ್‌ಬುಕ್ ಸಾಕು. ಜನ ತಮ್ಮ ಕಷ್ಟವನ್ನು ಹೇಳುವ ಮಾತುಗಳನ್ನು ಅವರು ಹೇಳಿದ ಹಾಗೇ ಬರೆಯಿರಿ. ಹೆಸರು, ಊರು ಬೇಡ, ಮಾತು ಮಾತ್ರ.

ನಿಮ್ಮ ಪುಸ್ತಕದಲ್ಲಿ "ಖಿನ್ನತೆ", "ಆತಂಕ" ಎಂದಿರುತ್ತದೆ. ಇಷ್ಟು ವರ್ಷದಲ್ಲಿ ಒಬ್ಬರೂ ಬಂದು "ನನಗೆ ಖಿನ್ನತೆ" ಅಂದಿಲ್ಲ. ಹೊಳೆನರಸೀಪುರದ ಅಜ್ಜಿ "ಎದೆ ಡವಡವ ಅಂತದೆ ಕಣವ್ವ" ಅಂದರು. ಬೇಲೂರಿನ ಅಂಗಡಿಯವರು ಎರಡು ವರ್ಷ ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಬಂದಿದ್ದರು. "ತಲೆ ಕಾವು", "ಮೈಯೆಲ್ಲ ಜುಮ್ಮು", "ಊಟ ಮಣ್ಣಾಗಿದೆ", "ಯಾಕೋ ಯಾವುದಕ್ಕೂ ಮನಸ್ಸೇ ಇಲ್ಲ", "ಗಾಳಿ ಸೋಕಿದೆ", "ಯಾರೋ ಏನೋ ಮಾಡ್ಸಿದಾರೆ". ಓದಿದ ಹುಡುಗರಾದರೆ ಎಲ್ಲಕ್ಕೂ ಸೇರಿ ಒಂದೇ ಪದ: "ಟೆನ್ಷನ್". ಈ ಟೆನ್ಷನ್ ಅನ್ನು ಬಿಚ್ಚಿದರೆ ಒಬ್ಬನಿಗೆ ಸಾಲ, ಒಬ್ಬನಿಗೆ ಪರೀಕ್ಷೆ, ಇನ್ನೊಬ್ಬನಿಗೆ ಮಧ್ಯರಾತ್ರಿ ಉಸಿರು ಸಿಕ್ಕಿಕೊಳ್ಳುವ ಪ್ಯಾನಿಕ್.

ಗಾಳಿ ಸೋಕಿದೆ ಅಂದವರಿಗೆ ಅದೆಲ್ಲ ಸುಳ್ಳು ಎಂದು ಪಾಠ ಮಾಡಬೇಡಿ. ದೇವಸ್ಥಾನಕ್ಕೆ ಹೋಗಿ ತಾಯತ ಕಟ್ಟಿಸಿಕೊಂಡು ಬಂದಿದ್ದಾರೆ, ಇರಲಿ. "ತಾಯತ ಇರ್ಲಿ, ಮಾತ್ರೆನೂ ಬಿಡಬೇಡಿ" ಅಂದರೆ ಮುಂದಿನ ವಾರ ಬರುತ್ತಾರೆ. ತಾಯತ ಕಿತ್ತುಹಾಕಿ ಅಂದರೆ ನಿಮ್ಮನ್ನೇ ಕಿತ್ತುಹಾಕುತ್ತಾರೆ.

ಈ ಪಾಠ ನಾನು ಕಲಿತದ್ದು ನನ್ನದೇ ಪೆದ್ದುತನದಿಂದ. ಶುರುವಿನ ವರ್ಷಗಳಲ್ಲಿ ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯಿಂದ, ಅಂದರೆ ಕೂಲಿಯವರ ಸಾಲುಮನೆಯಿಂದ, ಒಬ್ಬ ಹೆಂಗಸು ಬರುತ್ತಿದ್ದರು. ನಾಲ್ಕನೇ ಕ್ಲಾಸು ಓದಿದವರು. ನಿದ್ದೆ ಇಲ್ಲ, ಅಳು, ಯಾವುದರಲ್ಲೂ ಮನಸ್ಸಿಲ್ಲ. ಅಮೆರಿಕದ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ, ಆಗ ನನಗೆ ಹೊಸದಾಗಿ ಕೈಗೆ ಸಿಕ್ಕಿದ ಕತ್ತಿ. ಮೂರು ಕಾಲಂನ ಹಾಳೆ ಕೊಟ್ಟೆ. ಮೇಲೆ ಅಚ್ಚುಕಟ್ಟಾಗಿ "ಸನ್ನಿವೇಶ, ಸ್ವಯಂಚಾಲಿತ ಆಲೋಚನೆ, ಭಾವನೆ" ಎಂದು ಬರೆದಿತ್ತು. ದಿನಾ ಬರೆದು ತನ್ನಿ ಅಂದೆ.

ಎರಡು ವಾರ ಬಿಟ್ಟು ಹಾಳೆ ತಂದರು. ಒಂದರ ಕೆಳಗೆ ಒಂದು ಬರೀ ಅಂಕಿ. 58, 60, 22, 55, 19, 61.

"ಏನಿದು?" ಅಂದೆ.

"ಹಣ್ಣಿನ ತೂಕ ಅಮ್ಮಾ. ಸಂಜೆ ರೈಟರು ಹೇಳ್ತಾರಲ್ಲ, ಅದು. ದಿನಾ ಬರೀಬೇಕು ಅಂದ್ರಿ. ನಂಗೆ ದಿನಾ ಬರೆಯೋಕೆ ಇರೋದು ಇದೊಂದೇ."

ನನಗೆ ಮೊದಲು ನಗು ಬಂತು, ಆಮೇಲೆ ನಾಚಿಕೆ. ಆಮೇಲೆ ಕೇಳಿದೆ: 22 ಕೆ.ಜಿ. ದಿನ ಏನಾಗಿತ್ತು? ಹಿಂದಿನ ರಾತ್ರಿ ಗಂಡ ಕುಡಿದು ಬಂದಿದ್ದ, ಬೆಳಗಿನವರೆಗೆ ಕಣ್ಣು ಮುಚ್ಚಿರಲಿಲ್ಲ. 61ರ ದಿನ? ಅಕ್ಕನ ಮಗಳು ಪಕ್ಕದ ಸಾಲಿನಲ್ಲಿ ಕೊಯ್ಯುತ್ತಿದ್ದಳು, ಇಬ್ಬರೂ ಮಾತಾಡಿಕೊಂಡು ಕೊಯ್ದರು. ನಾನು ಮೂರು ಕಾಲಂನಲ್ಲಿ ಹುಡುಕುತ್ತಿದ್ದದ್ದೆಲ್ಲ ಆ ಅಂಕಿಗಳ ಹಿಂದೆ ಇತ್ತು. ಮೇಸ್ತ್ರಿಗೆ ಹೇಳಿ ಅಕ್ಕನ ಮಗಳ ಪಕ್ಕದ ಸಾಲು ಕೇಳಿಕೊಳ್ಳುವುದು ನಮ್ಮ ಮೊದಲ ಚಿಕಿತ್ಸೆಯಾಯಿತು. ಪುಸ್ತಕದಲ್ಲಿ ಇದಕ್ಕೆ ಬಿಹೇವಿಯರಲ್ ಆಕ್ಟಿವೇಶನ್ ಅನ್ನುತ್ತಾರೆ. ಆ ಹಾಳೆಯನ್ನು ಮತ್ತೆ ಯಾರಿಗೂ ಹಾಗೇ ಕೊಟ್ಟಿಲ್ಲ. ಈಗ ಮೊದಲು ಕೇಳುತ್ತೇನೆ: ದಿನಾ ನೀವು ಏನು ಲೆಕ್ಕ ಇಡ್ತೀರಿ? ಹಾಲಿನ ಡೈರಿ ಪುಸ್ತಕ, ಅಂಗಡಿಯ ಸಾಲದ ಪುಸ್ತಕ, ಮಳೆ ಅಳತೆಯ ಡೈರಿ, ಏನಾದರೂ ಇದ್ದೇ ಇರುತ್ತದೆ. ಕಾಫಿ ತೋಟದವರಂತೂ ಮಳೆಯ ಇಂಚು ಬರೆಯದೆ ಮಲಗುವುದಿಲ್ಲ ಅಲ್ವಾ?

ಪರೀಕ್ಷೆಗಳ ವಿಷಯದಲ್ಲೂ ಇದೇ ಮಾತು. ಮಕ್ಕಳ ಬುದ್ಧಿಮತ್ತೆ ಅಳೆಯುವ ಬಿನೆ-ಕಾಮತ್ ಪರೀಕ್ಷೆಯನ್ನು ವಿ.ವಿ. ಕಾಮತ್ ಧಾರವಾಡದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಹೊಂದಿಸಿದ್ದು 1930ರ ದಶಕದಲ್ಲಿ. ಇಂಗ್ಲಿಷಿನ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿದರೆ ಸಾಲದು, ಇಲ್ಲಿನ ಮಕ್ಕಳ ಮೇಲೆ ಮತ್ತೆ ಅಳೆಯಬೇಕು ಎಂದು ಅವರಿಗೆ ಆಗಲೇ ಗೊತ್ತಿತ್ತು.

ಏನನ್ನು ನೀವೇ ಹೊರಬಾರದು

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಆದರೆ ಗಟ್ಟಿಯಾಗಿ ನೆನಪಿಡಿ.

ಸುಸ್ತು, ಬೇಜಾರು ಎಂದು ಬಂದವರಿಗೆ ಥೈರಾಯ್ಡ್, ರಕ್ತಹೀನತೆ, ಬಿ12 ನೋಡಿಸಿ. ಮೂರು ತಿಂಗಳು ಮಾತಾಡಿಸಿದ ಮೇಲೆ ಥೈರಾಯ್ಡ್ ಎಂದು ಗೊತ್ತಾದರೆ ನಿಮ್ಮ ಮುಖ ಎಲ್ಲಿ ಇಟ್ಟುಕೊಳ್ಳುತ್ತೀರಿ?

ದಿನಾ ಕುಡಿಯುವವರಿಗೆ "ನಾಳೆಯಿಂದ ಪೂರ್ತಿ ನಿಲ್ಲಿಸಿ" ಎಂದು ರೂಮಿನಲ್ಲಿ ಕೂತು ಹೇಳಬೇಡಿ. ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಜ್ಞಾನ ತಪ್ಪಬಹುದು, ಜೀವಕ್ಕೂ ಅಪಾಯ ಆಗಬಹುದು. ಆಸ್ಪತ್ರೆಯ ದಾರಿ ತೋರಿಸಿ. ಹೆಂಡತಿಯರು ಬಂದು "ಗೊತ್ತಾಗದ ಹಾಗೆ ಸಾರಲ್ಲಿ ಹಾಕೋ ಔಷಧಿ ಹೇಳಿ" ಅನ್ನುತ್ತಾರೆ. ಅವರ ಕಷ್ಟ ನಿಜ. ಆದರೆ ಆ ಔಷಧಿ ಹೊಟ್ಟೆಯಲ್ಲಿರುವಾಗ ಗೊತ್ತಿಲ್ಲದೆ ಕುಡಿದರೆ ಪ್ರಾಣಕ್ಕೇ ಸಂಚಕಾರ. ಇದನ್ನು ಅವರಿಗೆ ಬಿಡಿಸಿ ಹೇಳಿ.

ಸಾಯುವ ಯೋಚನೆ ಇದೆಯಾ ಎಂದು ನೇರವಾಗಿ ಕೇಳಲು ಕಲಿಯಿರಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗೆ ಅನ್ನುವ ಭಯ ತಪ್ಪು. ಎಷ್ಟೋ ಜನಕ್ಕೆ ಯಾರಾದರೂ ಕೇಳಿದರಲ್ಲ ಅನ್ನುವುದೇ ಹಗುರ. ನಮ್ಮ ಕಡೆ ಇನ್ನೊಂದು ಕೆಲಸವೂ ಉಂಟು. ತೋಟಕ್ಕೆ, ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬ ಮನೆಯೊಳಗೆ ಇದ್ದರೆ ಹೊರಗೆ ಸಾಗಿಸಿ, ಬೀಗ ಹಾಕಿಸಿ, ಕೀ ಬೇರೆಯವರ ಕೈಗೆ ಕೊಡಿಸಿ. ಅವತ್ತೇ ಮನೆಯವರ ಜೊತೆ ಮಾತಾಡಿ, ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅವರ ಫೋನಿನಲ್ಲಿ ಸೇವ್ ಮಾಡಿಸಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಉಚಿತ. ಕನ್ನಡದಲ್ಲೂ ಮಾತಾಡುತ್ತಾರೆ, ರಾತ್ರಿಯೂ ಎತ್ತುತ್ತಾರೆ.

ಗುಟ್ಟು ಕಾಯುವುದು ಬರೀ ಒಳ್ಳೆಯತನ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಅದು ರೋಗಿಯ ಹಕ್ಕು. ತನ್ನ ದಾಖಲೆ ನೋಡುವ ಹಕ್ಕೂ ಅವರಿಗಿದೆ. ಹಾಗಾಗಿ ಫೈಲಿನಲ್ಲಿ ನಾಳೆ ಅವರೇ ಓದಬಹುದು ಅನ್ನುವ ಎಚ್ಚರದಲ್ಲಿ ಬರೆಯಿರಿ. ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿಬಿಡಿ. ನಡುವೆ ಹೇಳಿದರೆ ಮೋಸ ಮಾಡಿದ ಹಾಗಾಗುತ್ತದೆ.

ಅಮ್ಮನ ಪ್ರಶ್ನೆ

ಈಗ ಮೆಟ್ಟಿಲ ಹತ್ತಿರ ಪಿಸುಗುಟ್ಟಿದ ಅಮ್ಮನಿಗೆ ಉತ್ತರ. ಹೌದು, ಆಗುತ್ತದೆ.

ನನಗೆ ಆಗಿದ್ದು 2016ರಲ್ಲಿ. ಆಗ ದಿನಕ್ಕೆ ಎಂಟು ಜನರನ್ನು ನೋಡುತ್ತಿದ್ದೆ. ಇಲ್ಲ ಅನ್ನಲು ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಒಬ್ಬ ತಾಯಿ ಮಗನನ್ನು ಕಳೆದುಕೊಂಡದ್ದನ್ನು ಹೇಳುತ್ತಿದ್ದರು. ನಾನು ತಲೆ ಆಡಿಸುತ್ತಿದ್ದೆ. ತಲೆಯೊಳಗೆ ಮಾತ್ರ ಸಂಜೆ ಅಂಗಡಿಯಿಂದ ತರಬೇಕಾದ ಸಾಮಾನಿನ ಪಟ್ಟಿ ಓಡುತ್ತಿತ್ತು. ಅಕ್ಕಿ ಇದೆ, ತೊಗರಿಬೇಳೆ ಇಲ್ಲ. ಅವರು ಅಳು ನಿಲ್ಲಿಸಿ ನನ್ನನ್ನು ನೋಡಿ, "ನಿಮಗೆ ಸುಸ್ತಾಗಿದೆ ಮೇಡಂ, ನಾನು ಇನ್ನೊಂದಿನ ಬರ್ತೀನಿ" ಅಂದರು. ಮಗನನ್ನು ಕಳೆದುಕೊಂಡವರು ನನ್ನನ್ನು ಸಂತೈಸುವ ಹಾಗಾಯಿತು. ಅವರು ಮತ್ತೆ ಬರಲಿಲ್ಲ.

ಆ ವಾರವೇ ಬೆಂಗಳೂರಿನ ಒಬ್ಬ ಹಿರಿಯರಿಗೆ ಫೋನ್ ಮಾಡಿ ಸೂಪರ್‌ವಿಷನ್ ಕೇಳಿದೆ. ಅಂದರೆ ನಮ್ಮ ಕೇಸುಗಳನ್ನು ಹಿರಿಯರ ಮುಂದಿಟ್ಟು ತಿದ್ದಿಸಿಕೊಳ್ಳುವುದು. ತಿಂಗಳಿಗೆ ಎರಡು ಶನಿವಾರ. ಕುಣಿಗಲ್ ಮೇಲೆ ಹೋಗುವ ರೈಲು ಮಾರ್ಗ ಆಗಿನ್ನೂ ತೆರೆದಿರಲಿಲ್ಲ, ಅದು ಬಂದದ್ದು 2017ರಲ್ಲಿ. ಬೆಳಗಿನ ಜಾವದ ಬಸ್ಸು ಹಿಡಿದು ಹೋಗಿ ರಾತ್ರಿ ಬರುತ್ತಿದ್ದೆ. ಮೊದಲ ದಿನ ಅವರು ಕೇಸಿನ ಬಗ್ಗೆ ಏನೂ ಕೇಳಲಿಲ್ಲ. "ಊಟ ಯಾವಾಗ ಮಾಡ್ತೀಯಮ್ಮ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ನಾನು ಮಾಡಿಕೊಂಡ ಏರ್ಪಾಡು ಇದು. ನೀವು ಮೊದಲ ದಿನದಿಂದಲೇ ಶುರು ಮಾಡಿ.

ಸೂಪರ್‌ವಿಷನ್‌ಗೆ ಅಂತ ದುಡ್ಡು ಎತ್ತಿಡಿ. ರೂಮಿನ ಬಾಡಿಗೆ ಹೇಗೋ ಇದೂ ಹಾಗೇ. ಹತ್ತಿರದಲ್ಲಿ ಹಿರಿಯರು ಇಲ್ಲದಿದ್ದರೆ ವೀಡಿಯೊ ಕಾಲ್ ಆಗುತ್ತದೆ, ಆದರೆ ವರ್ಷಕ್ಕೆ ಎರಡು ಸಲವಾದರೂ ಎದುರು ಬದುರು ಕೂರಿ.

ನೀವೂ ಒಬ್ಬ ಥೆರಪಿಸ್ಟ್ ಹತ್ತಿರ ಹೋಗಿ. ಸೂಪರ್‌ವಿಷನ್ ಕೇಸಿಗೆ, ಇದು ನಿಮಗೆ. ನನಗೆ ಕುಡಿಯುವ ಗಂಡಸರನ್ನು ಕಂಡರೆ ಮೈ ಬಿಗಿಯುತ್ತಿತ್ತು, ಅವರ ಹೆಂಡತಿಯರ ಪರ ಜಾಸ್ತಿ ವಾಲುತ್ತಿದ್ದೆ. ಅದು ನಮ್ಮ ಮನೆಯಿಂದ ಬಂದ ಭಾರ ಎಂದು ನಾನಾಗಿ ನೋಡಲು ಸಾಧ್ಯವೇ ಇರಲಿಲ್ಲ. ಗೊತ್ತಾದ ಮೇಲೂ ಹೋಗಿಲ್ಲ. ಆದರೆ ಅದು ಬರುವಾಗ ಈಗ ಗುರುತು ಸಿಗುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಥೆರಪಿಸ್ಟಿಗೆ ಇರಬೇಕಾದ ಗುಣಗಳಲ್ಲಿ ಒಳಗೊಂದು ಹೊರಗೊಂದು ಇಲ್ಲದಿರುವುದನ್ನೂ ಸೇರಿಸಿದ್ದರು. ಎಂಎ ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ತೆಗೆದಿದ್ದೆ. ಅರ್ಥ ಆಗಿದ್ದು ಆ ಬಸ್ಸಿನ ದಿನಗಳಲ್ಲಿ.

ದಿನಕ್ಕೆ ಐದು ಜನ ಸಾಕು. ಎರಡು ಸೆಷನ್ ನಡುವೆ ಹದಿನೈದು ನಿಮಿಷ. ಆ ಹೊತ್ತಲ್ಲಿ ಫೋನ್ ನೋಡಬೇಡಿ, ಎದ್ದು ಹೊರಗೆ ಹೋಗಿ ನಿಲ್ಲಿ. ಮನೆಗೆ ಹೋದ ಮೇಲೆ ನಿಮ್ಮ ಅತ್ತೆಯ ಮಾತಿಗೆ ಅರ್ಥ ಹುಡುಕಬೇಡಿ. ಮನೆಯವರ ಮೇಲೆ ಸೈಕಾಲಜಿ ಪ್ರಯೋಗ ಮಾಡುವ ಚಟ ನಮ್ಮಲ್ಲಿ ಎಲ್ಲರಿಗೂ ಒಂದು ಹಂತದಲ್ಲಿ ಹತ್ತುತ್ತದೆ. ನನ್ನ ಗಂಡ ಒಂದು ದಿನ "ಫೀಸ್ ಎಷ್ಟು ಕೊಡ್ಲಿ?" ಅಂದ ಮೇಲೆ ನಾನು ಬಿಟ್ಟೆ.

ರೂಮು, ಫೀಸು, ಮಳೆ

ಶುರುವಿನಲ್ಲಿ ಸ್ವಂತ ಕ್ಲಿನಿಕ್ ಬೇಡ. ಪರಿಚಯದ ವೈದ್ಯರ ರೂಮನ್ನು ವಾರಕ್ಕೆ ಎರಡು ಮಧ್ಯಾಹ್ನ ಬಾಡಿಗೆಗೆ ಕೇಳಿ. ಲ್ಯಾಬ್, ಟ್ಯೂಷನ್, ಟೈಲರ್ ಇರುವ ಕಟ್ಟಡದ ಮಹಡಿ ಒಳ್ಳೆಯದು. ಮೆಟ್ಟಿಲು ಹತ್ತುವವರು ಎಲ್ಲಿಗೆ ಹೊರಟರು ಎಂದು ಬೀದಿಗೆ ಗೊತ್ತಾಗಬಾರದು. ನನ್ನ ಮೊದಲ ಫೀಸ್ 200 ರೂಪಾಯಿ. ಈಗ ಜಾಸ್ತಿ ಇದೆ, ಆದರೆ ವಾರಕ್ಕೆ ಒಂದು ಮಧ್ಯಾಹ್ನ ಕೊಟ್ಟಷ್ಟು ತೆಗೆದುಕೊಳ್ಳುತ್ತೇನೆ. ಹಲಸಿನಹಣ್ಣು, ಕಾಫಿಪುಡಿ, ಸೊಗಡಿನ ಅವರೆಕಾಯಿ ಬರುತ್ತವೆ. ಪುಸ್ತಕದಲ್ಲಿ ಉಡುಗೊರೆ ತೆಗೆದುಕೊಳ್ಳಬೇಡಿ ಎಂದಿದೆ. ಅವರೆಕಾಯಿ ವಾಪಸ್ ಕೊಟ್ಟರೆ ಇಲ್ಲಿ ಸಂಬಂಧ ವಾಪಸ್ ಕೊಟ್ಟ ಹಾಗೆ. ಕೈತೋಟದ್ದಾದರೆ ತೆಗೆದುಕೊಳ್ಳುತ್ತೇನೆ, ಅಂಗಡಿಯದ್ದಾದರೆ ಬೇಡ ಅನ್ನುತ್ತೇನೆ. ಇದು ನನ್ನ ಗೆರೆ. ನೀವು ನಿಮ್ಮ ಗೆರೆ ಎಳೆದುಕೊಳ್ಳಿ, ಸೂಪರ್‌ವೈಸರಿಗೂ ಹೇಳಿ.

ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು, ತೋಟದವರು ಬರುವುದಿಲ್ಲ. ಜುಲೈಯಲ್ಲಿ ಮಳೆಗೆ ಕಳಸ, ಕೊಪ್ಪದ ಕಡೆಯವರು ಹೊರಡುವುದಿಲ್ಲ. ಇದನ್ನು ಚಿಕಿತ್ಸೆಗೆ ಮನಸ್ಸಿಲ್ಲ ಎಂದು ಫೈಲಿನಲ್ಲಿ ಬರೆಯಬೇಡಿ. ಫೋನಿನಲ್ಲಿ ಮಾತಾಡಬಹುದು, ಆದರೆ ಅವರು ಸಿಗ್ನಲ್‌ಗಾಗಿ ಗುಡ್ಡ ಹತ್ತಿ ನಿಂತಿರುತ್ತಾರೆ. ಪಕ್ಕದಲ್ಲಿ ಯಾರಿದ್ದಾರೆ ಎಂದು ಮೊದಲು ಕೇಳಿ.

ಮದುವೆ ಮನೆಯಲ್ಲಿ ಸಿಕ್ಕಾಗ

ಸಣ್ಣ ಊರಿನ ದೊಡ್ಡ ತೊಂದರೆ ಇದು. ನಿಮ್ಮ ಹತ್ತಿರ ಬರುವವರು ಸಂತೆಯಲ್ಲಿ, ಬಸ್ಸಿನಲ್ಲಿ, ಹಾಸನಾಂಬೆಯ ಕ್ಯೂನಲ್ಲಿ ಸಿಕ್ಕೇ ಸಿಗುತ್ತಾರೆ. ಮೊದಲ ಸೆಷನ್ನಿನಲ್ಲೇ ಹೇಳಿ: "ಹೊರಗೆ ಸಿಕ್ಕರೆ ನಾನಾಗಿ ಮಾತಾಡಿಸೋದಿಲ್ಲ. ನೀವು ಮಾತಾಡಿಸಿದರೆ ಮಾತಾಡ್ತೀನಿ. ಬೇಜಾರು ಮಾಡ್ಕೋಬೇಡಿ." ಹತ್ತಿರದ ನೆಂಟರನ್ನು, ಮನೆ ಮಾಲೀಕರನ್ನು, ಮಗಳ ಮೇಷ್ಟ್ರನ್ನು ನೋಡಬೇಡಿ. ಚಿಕ್ಕಮಗಳೂರಿನಲ್ಲೋ ಮೈಸೂರಿನಲ್ಲೋ ಇರುವ ಇನ್ನೊಬ್ಬರ ಹತ್ತಿರ ಕಳಿಸಿ.

ಹೋದ ವೈಶಾಖದಲ್ಲಿ ಅರಸೀಕೆರೆಯಲ್ಲಿ ಒಂದು ಮದುವೆ. ಊಟಕ್ಕೆ ಕೂತಿದ್ದೆ. ಪಾಯಸದ ಬಕೆಟ್ ಹಿಡಿದು ಬಂದವನು, ಒಂದು ವರ್ಷ ಪ್ರತಿ ಗುರುವಾರ ನನ್ನ ಎದುರು ಕೂತಿದ್ದ ಹುಡುಗ. ಪಕ್ಕದಲ್ಲಿ ಕೂತ ನನ್ನ ಚಿಕ್ಕಮ್ಮ, "ಗೊತ್ತಿರೋ ಹುಡುಗನಾ?" ಅಂದರು. "ಇಲ್ಲಪ್ಪ" ಅಂದೆ. ಅವನು ಎಲೆಗೆ ಒಂದು ಸೌಟು ಹಾಕಿದ, ಒಂದು ಕ್ಷಣ ನಿಂತ, ಇನ್ನೊಂದು ಸೌಟು ಹಾಕಿ ಮುಂದಿನ ಎಲೆಗೆ ಹೋದ.